ಸೋರ್ಡ್ ಆರ್ಟ್ ಆನ್‌ಲೈನ್: ಮೊದಲ ಎಪಿಸೋಡ್ ಕೊಟ್ಟ ಮಾತು, ಉಳಿದ 95 ಎಪಿಸೋಡ್ ಮಾಡಿದ್ದು

ಅಂಕ: 10ಕ್ಕೆ 5. ಕಥೆಯ ಗುಟ್ಟೆಲ್ಲ ಇಲ್ಲಿ ಬಯಲಾಗುತ್ತದೆ. ಇನ್ನೂ ನೋಡದವರು ನೇರ ಕೊನೆಯ ಎರಡು ಪ್ಯಾರಾಗಳಿಗೆ ಹೋಗಿ, ಅಲ್ಲಿ ನೋಡುವ ಕ್ರಮ ಇದೆ.

ಈ ಜಪಾನಿ ಅನಿಮೆ (ಆನಿಮೇಷನ್) ಸರಣಿಯ, 2012ರ ಜುಲೈಯಲ್ಲಿ ಬಂದ ಮೊದಲ ಎಪಿಸೋಡನ್ನು ಇವತ್ತು ಹಾಕಿ ನೋಡಿದರೂ ಮೈ ಜುಮ್ಮೆನ್ನುತ್ತದೆ. ಹತ್ತು ಸಾವಿರ ಜನ ನರ್ವ್‌ಗಿಯರ್ ಎಂಬ ಹೆಲ್ಮೆಟ್ ಹಾಕಿಕೊಂಡು ಗೇಮ್‌ಗೆ ಇಳಿಯುತ್ತಾರೆ. ಲಾಗ್‌ಔಟ್ ಬಟನ್ ಇರಬೇಕಾದ ಜಾಗ ಖಾಲಿ. ಗೇಮ್ ತಯಾರಿಸಿದ ಕಯಾಬಾ ಅಕಿಹಿಕೊ ಆಕಾಶದಲ್ಲಿ ಕಾಣಿಸಿಕೊಂಡು ಷರತ್ತು ಓದುತ್ತಾನೆ: ಎಚ್‌ಪಿ (ಗೇಮಿನಲ್ಲಿ ಉಳಿದ ಜೀವದ ಅಂಕ) ಸೊನ್ನೆಯಾದರೆ ಹೆಲ್ಮೆಟ್ ನಿಮ್ಮ ಮೆದುಳನ್ನು ಸುಡುತ್ತದೆ, ಹೊರಗಿನವರು ಅದನ್ನು ಕಿತ್ತರೂ ಅಷ್ಟೇ, ಈಗಾಗಲೇ 213 ಜನ ಹಾಗೆ ಹೋದರು, ನೂರನೇ ಮಹಡಿ ಗೆದ್ದರೆ ಮಾತ್ರ ಬಿಡುಗಡೆ. ಆಮೇಲೆ ಎಲ್ಲರ ಕೈಗೂ ಒಂದೊಂದು ಕನ್ನಡಿ. ನೋಡಿಕೊಂಡ ಕೂಡಲೇ ಸುಂದರ ಅವತಾರ ಕಳಚಿ ನಿಜವಾದ ಮುಖ ಬರುತ್ತದೆ. ಹುಡುಗಿಯರೆಂದುಕೊಂಡಿದ್ದವರಲ್ಲಿ ಕೆಲವರು ಗಂಡಸರು. ಆ ಒಂದು ಕನ್ನಡಿಯಲ್ಲಿ ಇಡೀ ಸರಣಿಯ ಭರವಸೆ ಇತ್ತು. ಇಲ್ಲಿ ಲೆಕ್ಕ ಲೆಕ್ಕವೇ, ಸಾವು ಸಾವೇ ಎಂಬ ಭರವಸೆ.

ಅದು ಎರಡನೇ ಎಪಿಸೋಡ್‌ವರೆಗೆ ನಿಲ್ಲುತ್ತದೆ. ಒಂದು ತಿಂಗಳಲ್ಲಿ 2,000 ಜನ ಸತ್ತಿದ್ದಾರೆ, ಮೊದಲ ಮಹಡಿಯೇ ಮುಗಿದಿಲ್ಲ. ಮಹಡಿ ಕಾಯುವ ದೈತ್ಯ, ಅಂದರೆ ಬಾಸ್, ಬೀಟಾ ಟೆಸ್ಟಿನಲ್ಲಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆಟದಲ್ಲಿ) ಇದ್ದಂತೆ ಇಲ್ಲ; ಕೊನೆಯ ಹಂತದಲ್ಲಿ ಬೇರೆ ಕತ್ತಿ ಎತ್ತುತ್ತಾನೆ, ಮುಂದಾಳು ಅಲ್ಲೇ ಸಾಯುತ್ತಾನೆ. ಇಂಥದ್ದು ಇನ್ನೂ 99 ಮಹಡಿ ಇದೆ ಎಂದು ಸರಿಯಾಗಿ ಕೂರುವಷ್ಟರಲ್ಲಿ ಮೂರನೇ ಎಪಿಸೋಡ್ ಒಂದೇ ಏಟಿಗೆ ಕಥೆಯ ಕಾಲದಲ್ಲಿ ಒಂದು ವರ್ಷ ದಾಟಿ 2023ರ ಡಿಸೆಂಬರ್ ತಲುಪಿರುತ್ತದೆ. ಎಂಟನೆಯದಕ್ಕೆ ನಾವು 74ನೇ ಮಹಡಿಯಲ್ಲಿದ್ದೇವೆ. ಒಂದು ಮಹಡಿಗೇ ತಿಂಗಳು ಹಿಡಿದವರು ಉಳಿದವನ್ನು ಸರಾಸರಿ ಹತ್ತು ದಿನಕ್ಕೊಂದರಂತೆ ಮುಗಿಸಿದ್ದು ಹೇಗೆ? ದಾಳಿಯ ತಂಡ ಹೇಗೆ ಕಟ್ಟಿಕೊಂಡಿತು, ಸರಕು ಯಾರು ತಂದರು, ಗಿಲ್ಡ್‌ಗಳ (ಆಟಗಾರರ ಸಂಘಗಳ) ನಡುವಿನ ಜಗಳ ಯಾರು ಬಿಡಿಸಿದರು? ತೆರೆಯ ಮೇಲೆ ಏನೂ ಇಲ್ಲ.

ಕಾರಣ ಮೂಲ ಪುಸ್ತಕದ ಜೋಡಣೆಯಲ್ಲಿದೆ. ಕವಾಹಾರಾ ರೆಕಿ ಇದನ್ನು ಮೊದಲು ವೆಬ್ ಕಾದಂಬರಿಯಾಗಿ ಬರೆದು, 2009ರಲ್ಲಿ ಪುಸ್ತಕವಾಗಿ ತಂದರು. ಮೊದಲ ಸಂಪುಟ 74ನೇ ಮಹಡಿಯಿಂದಲೇ ಶುರುವಾಗಿ 75ರಲ್ಲಿ ಮುಗಿಯುತ್ತದೆ. ಸಿಲಿಕಾ, ಲಿಸ್‌ಬೆತ್, ಸಾಚಿ ಎಂಬ ಹುಡುಗಿಯರ ಕಥೆಗಳು ಎರಡನೇ ಸಂಪುಟದ ಬಿಡಿ ಕಥೆಗಳು. ಕೊಲೆ ಪತ್ತೆಯ ಐದು ಮತ್ತು ಆರನೇ ಎಪಿಸೋಡ್ ಬಂದಿದ್ದು ಎಂಟನೇ ಸಂಪುಟದಿಂದ. ಓದುವವನಿಗೆ ಅವು ಹಿನ್ನೋಟಗಳು. ಅನಿಮೆಯವರು ಎಲ್ಲವನ್ನೂ ತಾರೀಖಿನ ಪ್ರಕಾರ ಪೋಣಿಸಿದರು. ಹಾಗಾಗಿ ಪ್ರತಿ ವಾರ ಒಬ್ಬ ಹೊಸ ಹುಡುಗಿ ಬರುತ್ತಾಳೆ, ನಾಯಕ ಕಿರಿಟೊ ಕಾಪಾಡುತ್ತಾನೆ, ಅವಳು ಮನಸೋಲುತ್ತಾಳೆ, ಮುಂದಿನ ವಾರ ಮಾಯ.

ನಾಲ್ಕನೇ ಎಪಿಸೋಡಿನ ದೃಶ್ಯವೊಂದನ್ನು ಅಭಿಮಾನಿಗಳು ಬಾಯಿಪಾಠ ಹೇಳುತ್ತಾರೆ. ದರೋಡೆಕೋರರು ಮುಗಿಬಿದ್ದು ಹೊಡೆಯುತ್ತಿದ್ದರೂ ಕಿರಿಟೊ ಅಲ್ಲಾಡುವುದಿಲ್ಲ. ಹತ್ತು ಸೆಕೆಂಡಿಗೆ ಅವರೆಲ್ಲ ಸೇರಿ ಕಳೆಯುವುದು 400. ಇವನ ಲೆವೆಲ್ 78, ಎಚ್‌ಪಿ 14,500, ಹತ್ತು ಸೆಕೆಂಡಿಗೆ ತಾನಾಗಿ ತುಂಬಿಕೊಳ್ಳುವುದು 600. ನಿಜವಾದ ಆನ್‌ಲೈನ್ ಗೇಮ್ ಆಡಿದವರಿಗೆ ಈ ಲೆಕ್ಕ ಖುಷಿ ಕೊಡುತ್ತದೆ. ಆದರೆ ಅದೇ ಲೆಕ್ಕ ಕಥೆಯ ಬುಡಕ್ಕೆ ಕೊಡಲಿ ಹಾಕುತ್ತದೆ. ನಾಯಕನಿಗೆ ಗಾಯವೇ ಆಗದು ಎಂದು ನಾಲ್ಕನೇ ವಾರದಲ್ಲೇ ಸಾಬೀತಾದ ಮೇಲೆ ಸಾವಿನ ಗೇಮ್ ಎಂಬ ಹೆಸರು ಯಾಕೆ?

ಈಗ ಹದಿನಾಲ್ಕನೇ ಎಪಿಸೋಡ್. ನನ್ನ ತಕರಾರೆಲ್ಲ ಇಲ್ಲಿ ಒಂದೇ ಕಡೆ ಸಿಗುತ್ತದೆ. 75ನೇ ಮಹಡಿಯಲ್ಲಿ, ದೊಡ್ಡ ಗಿಲ್ಡೊಂದರ ನಾಯಕ ಹೀತ್‌ಕ್ಲಿಫ್‌ನೇ ಕಯಾಬಾ ಎಂದು ಗೊತ್ತಾಗುತ್ತದೆ. ಅವನು ಉಳಿದವರನ್ನೆಲ್ಲ ಲಕ್ವ ಹೊಡೆದಂತೆ ನೆಲಕ್ಕೆ ಕೆಡವಿ ಕಿರಿಟೊನನ್ನು ಒಂಟಿ ಕಾಳಗಕ್ಕೆ ಕರೆಯುತ್ತಾನೆ. ಮೊದಲರ್ಧ ಬಹಳ ಚೆನ್ನ. ಕತ್ತಿಯ ಸ್ಕಿಲ್‌ಗಳನ್ನೆಲ್ಲ (ಗೇಮೇ ನಡೆಸಿಕೊಡುವ ಸಿದ್ಧ ಏಟುಗಳನ್ನು) ರೂಪಿಸಿದವನೇ ಎದುರಿಗಿರುವುದರಿಂದ ಕಿರಿಟೊ ಅವನ್ನು ಬಳಸದೆ ತನ್ನದೇ ಕೈಚಳಕದಲ್ಲಿ ಕತ್ತಿ ಬೀಸುತ್ತಾನೆ. ಸಿಟ್ಟಿಗೆ ಬುದ್ಧಿ ಕೊಟ್ಟ ಒಂದು ಕ್ಷಣ 27 ಏಟಿನ ಸ್ಕಿಲ್ ಹಾಕಿಬಿಡುತ್ತಾನೆ. ಪ್ರತಿ ಏಟೂ ಎಲ್ಲಿ ಬೀಳುತ್ತದೆ ಎಂದು ಎದುರಾಳಿಗೆ ಗೊತ್ತು. ಅಷ್ಟನ್ನೂ ಗುರಾಣಿಯಲ್ಲಿ ತಡೆಯುತ್ತಾನೆ, ಕೊನೆಯ ಏಟಿಗೆ ಲಿಸ್‌ಬೆತ್ ಮಾಡಿಕೊಟ್ಟ ಕತ್ತಿ ಮುರಿಯುತ್ತದೆ. ಸ್ಕಿಲ್ ಮುಗಿದ ಮೇಲೆ ಆಟಗಾರ ಕೆಲ ಹೊತ್ತು ಮರಗಟ್ಟಬೇಕು ಎಂಬುದು ಗೇಮಿನ ನಿಯಮ, ಕಿರಿಟೊನೂ ಮರಗಟ್ಟುತ್ತಾನೆ. ಇಲ್ಲಿವರೆಗೆ ಒಂದು ಎಳೆ ತಪ್ಪಿಲ್ಲ.

ಮುಂದಿನ ಎರಡು ನಿಮಿಷದಲ್ಲಿ ಎಲ್ಲ ಮಣ್ಣುಪಾಲು. ನೆಲಕ್ಕೆ ಬಿದ್ದಿದ್ದ, ಕಿರಿಟೊನ ಪ್ರೇಯಸಿ ಅಸುನಾ ಎದ್ದು ಅಡ್ಡ ಬರುತ್ತಾಳೆ. ಹೇಗೆ? ಪ್ರೀತಿಯಿಂದ. ಅವಳು ಸಾಯುತ್ತಾಳೆ. ಕಿರಿಟೊನ ಎಚ್‌ಪಿಯೂ ಸೊನ್ನೆಯಾಗುತ್ತದೆ, ಆದರೂ ಕೈ ಚಾಚಿ ಅಸುನಾಳ ಕತ್ತಿಯಿಂದ ಎದುರಾಳಿಯನ್ನು ಇರಿಯುತ್ತಾನೆ. ಹೇಗೆ? ಮನೋಬಲದಿಂದ. ಆಮೇಲೆ ಇಬ್ಬರೂ ಜೀವಂತ. ಸೋಜಿಗ ಏನೆಂದರೆ, ಸಮರ್ಥನೆಯ ಸಾಮಾನು ಇದೇ ಸರಣಿಯ ಜೇಬಿನಲ್ಲಿತ್ತು. ಮೂರನೇ ಎಪಿಸೋಡಿನಲ್ಲಿ ಕ್ರಿಸ್‌ಮಸ್ ಬಾಸ್‌ನಿಂದ ಸಿಗುವ ಜೀವ ಮರಳಿಸುವ ಕಲ್ಲು ಸತ್ತ ಹತ್ತು ಸೆಕೆಂಡಿನೊಳಗೆ ಮಾತ್ರ ಕೆಲಸ ಮಾಡುತ್ತದೆ. ಅಂದರೆ ಎಚ್‌ಪಿ ಮುಗಿಯುವುದಕ್ಕೂ ಮೆದುಳು ಸುಡುವುದಕ್ಕೂ ನಡುವೆ ಒಂದು ಸಣ್ಣ ಸಂದಿ ಇದೆ. ಎಷ್ಟೋ ಮೊದಲೇ ಸತ್ತಿದ್ದ ಸಾಚಿಗೆ ಇದು ಉಪಯೋಗಕ್ಕೆ ಬರಲಿಲ್ಲ ಎಂದೇ ಆ ಎಪಿಸೋಡ್ ಕಣ್ಣಲ್ಲಿ ನೀರು ತರಿಸುತ್ತದೆ. ಕೊನೆಯ ಕಾಳಗದಲ್ಲಿ ಆ ಸಂದಿಯನ್ನು ಒಂದು ವಾಕ್ಯದಲ್ಲಿ ನೆನಪಿಸಿದ್ದರೂ ಸಾಕಿತ್ತು.

ಹದಿನೈದರಿಂದ 25ರವರೆಗಿನ ‘ಫೇರಿ ಡ್ಯಾನ್ಸ್’ ಬಗ್ಗೆ ಹೆಚ್ಚು ಬರೆಯುವುದೂ ದಂಡ. ಹೊಸ ಗೇಮ್ ಆಲ್ಫ್‌ಹೈಮ್‌ನಲ್ಲಿ ಸತ್ತರೆ ಮತ್ತೆ ಹುಟ್ಟಬಹುದು. ಅದು ಹಳೆಯ ಸರ್ವರಿನ ನಕಲು ಆದ್ದರಿಂದ ಕಿರಿಟೊನ ಹಳೆಯ ಸ್ಕಿಲ್‌ಗಳೆಲ್ಲ ಹಾಗೇ ಬಂದಿರುತ್ತವೆ. ಮೊದಲ ದಿನವೇ ಅವನಿಗೆ ಸಾಟಿಯಿಲ್ಲ. ಮೊದಲ ಗೇಮಿನ ನೂರು ಮಹಡಿಯ ಕೋಟೆ ಐನ್‌ಕ್ರಾಡ್‌ನಲ್ಲಿ ದೊಡ್ಡ ಗಿಲ್ಡೊಂದರ ಉಪನಾಯಕಿಯಾಗಿ ಬಾಸ್ ಕಾಳಗಗಳನ್ನು ನಡೆಸುತ್ತಿದ್ದ ಅಸುನಾ ಇಲ್ಲಿ ಪಂಜರದಲ್ಲಿ. ಒಮ್ಮೆ ತಪ್ಪಿಸಿಕೊಳ್ಳಲು ನೋಡುತ್ತಾಳೆ, ಮತ್ತೆ ಪಂಜರ. ಗೆಲುವೂ ಕಿರಿಟೊನದಲ್ಲ, ಕಯಾಬಾನ ಡಿಜಿಟಲ್ ಭೂತ ಬಂದು ಅಡ್ಮಿನ್ ಐಡಿ ಕೊಟ್ಟು ಹೋಗುತ್ತದೆ.

ಎರಡನೇ ಸೀಸನ್ (2014, 24 ಎಪಿಸೋಡ್) ಸುಧಾರಿಸಿತು ಎಂದೇ ಹೇಳಬೇಕು. ಗೇಮ್‌ನಲ್ಲಿ ಗುಂಡು ಹಾರಿಸಿದರೆ ಹೊರಗೆ ಮನುಷ್ಯ ಸಾಯುವುದು ಹೇಗೆ ಎಂಬ ಒಗಟಿಗೆ ಉತ್ತರ ನೆಟ್ಟಗಿದೆ: ಟೂರ್ನಿಗೆ ಹೆಸರು ಕೊಡುವಾಗ ಆಟಗಾರರು ಟೈಪ್ ಮಾಡುವ ಮನೆ ವಿಳಾಸವನ್ನು ಕಣ್ಣಿಗೆ ಕಾಣದಂತೆ ಮಾಡುವ ನಿಲುವಂಗಿ ತೊಟ್ಟವನು ಓದಿಕೊಳ್ಳುತ್ತಾನೆ, ಗುಂಡು ಹಾರುವ ಹೊತ್ತಿಗೆ ಜೊತೆಗಾರ ಆ ಮನೆಯಲ್ಲಿ ಸಿರಿಂಜ್ ಹಿಡಿದು ನಿಂತಿರುತ್ತಾನೆ. ಮಂತ್ರವೂ ಇಲ್ಲ, ಮನೋಬಲವೂ ಇಲ್ಲ. ಆದರೆ ಬಂದೂಕಿನ ಗೇಮಿಗೂ ನಾಯಕ ಬೆಳಕಿನ ಕತ್ತಿ ತಂದು ಗುಂಡುಗಳನ್ನೇ ಕತ್ತರಿಸುತ್ತಾನೆ. ಇಷ್ಟಾಗಿಯೂ ಈ ಸರಣಿಯಲ್ಲಿ ಎದೆ ತಟ್ಟಿ ಹೊಗಳಬಹುದಾದದ್ದು 18ರಿಂದ 24ರವರೆಗಿನ ‘ಮದರ್ಸ್ ರೊಸಾರಿಯೊ’. ಕಿರಿಟೊ ಹಿಂದೆ ಸರಿಯುತ್ತಾನೆ. ಯೂಕಿ ಎಂಬ ಹುಡುಗಿ ಆಸ್ಪತ್ರೆಯ ಯಂತ್ರದೊಳಗಿಂದ ಆಡುತ್ತಿದ್ದಾಳೆ. ಹೊರಗೆ ಅವಳ ದೇಹ ಎಚ್‌ಐವಿಗೆ ಸೋಲುತ್ತಿದೆ. ಆಲ್ಫ್‌ಹೈಮ್‌ಗೆ ಬಂದ ಐನ್‌ಕ್ರಾಡ್‌ನ 27ನೇ ಮಹಡಿಯ ಬಾಸ್‌ನನ್ನು ಒಂದೇ ಸಣ್ಣ ತಂಡ ಗೆದ್ದರೆ ಎಲ್ಲರ ಹೆಸರೂ ಫಲಕದಲ್ಲಿ ಉಳಿಯುತ್ತದೆ ಎಂಬುದಷ್ಟೇ ಅವಳ ಆಸೆ. ಇಲ್ಲಿ ಸಾವು ಯಾರ ಮನೋಬಲಕ್ಕೂ ಬಗ್ಗುವುದಿಲ್ಲ.

‘ಅಲಿಸೈಜೇಶನ್’ (2018ರಿಂದ 2020, ಒಟ್ಟು 47 ಎಪಿಸೋಡ್) ಅತ್ಯಂತ ದೊಡ್ಡದು, ಅತ್ಯಂತ ಏರುಪೇರಿನದು. ಆರಂಭದಲ್ಲಿ ಹೊಸ ಕೃತಕ ಲೋಕವೊಂದರಲ್ಲಿ ಯುಜಿಯೊ ಎಂಬ ಹುಡುಗ ಒಂದು ದೈತ್ಯ ಮರ ಕಡಿಯುತ್ತಿದ್ದಾನೆ. ಅವನು ಏಳನೇ ತಲೆಮಾರಿನವನು, 300 ವರ್ಷದಲ್ಲಿ ಕಾಲು ಭಾಗ ಕಡಿದಿದ್ದಾರೆ. ಆ ಲೋಕದ ಜನ ಕಾನೂನು ಮುರಿಯಲು ಯೋಚಿಸಿದರೆ ಬಲಗಣ್ಣು ಸಿಡಿಯುವಷ್ಟು ನೋವಾಗುತ್ತದೆ. ನಿಯಮಕ್ಕೆ ಮತ್ತೆ ತೂಕ ಬಂತು ಎಂದು ಮನಸ್ಸು ಅರಳುತ್ತದೆ. ಆದರೆ ಎರಡನೇ ಭಾಗವಾದ ‘ವಾರ್ ಆಫ್ ಅಂಡರ್‌ವರ್ಲ್ಡ್’ನ ಬಹುಪಾಲು ಕಿರಿಟೊ ಪ್ರಜ್ಞೆಯಿಲ್ಲದೆ ಗಾಲಿಕುರ್ಚಿಯಲ್ಲಿರುತ್ತಾನೆ. ಎದ್ದ ಮೇಲೆ ಮತ್ತದೇ, ನೆನೆಸಿದ್ದೆಲ್ಲ ನಡೆಯುತ್ತದೆ.

ಇನ್ನೊಂದು ಮಾತು, ಮಕ್ಕಳ ಜೊತೆ ನೋಡುವವರಿಗೆ. ಮೊದಲ ಸೀಸನ್‌ನ 24ನೇ ಎಪಿಸೋಡ್, ಎರಡನೇ ಸೀಸನ್‌ನ ಬಂದೂಕಿನ ಗೇಮಿನ ‘ಫ್ಯಾಂಟಮ್ ಬುಲೆಟ್’ ಕಥೆಯ ಕೊನೆ, ‘ಅಲಿಸೈಜೇಶನ್’ನ ಹತ್ತನೇ ಎಪಿಸೋಡ್: ಈ ಮೂರರಲ್ಲೂ ಹುಡುಗಿಯರ ಮೇಲೆ ಲೈಂಗಿಕ ಹಲ್ಲೆಯ ದೃಶ್ಯಗಳಿವೆ. ಖಳ ಕೆಟ್ಟವನೆಂದು ತೋರಿಸಲು ಬರೆಯುವವರಿಗೆ ಬೇರೆ ದಾರಿಯೇ ತೋಚಿಲ್ಲ. ಕ್ಯಾಮೆರಾ ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಇದಕ್ಕೆ ಕ್ಷಮೆ ಇಲ್ಲ.

ಕೊಟ್ಟ ಐದು ಅಂಕದಲ್ಲಿ ಎರಡು ಎ-1 ಪಿಕ್ಚರ್ಸ್‌ನ ಕಾಳಗದ ಚಿತ್ರಣಕ್ಕೂ ಕಜಿಯುರಾ ಯುಕಿಯ ಸಂಗೀತಕ್ಕೂ, ಎರಡು ‘ಮದರ್ಸ್ ರೊಸಾರಿಯೊ’ಗೆ, ಒಂದು ಆ ಕನ್ನಡಿಗೆ.

ನೋಡುವ ಕ್ರಮ. ಎಲ್ಲ 96 ಎಪಿಸೋಡಿಗೆ ಸುಮಾರು 38 ಗಂಟೆ ಬೇಕು, ಅಷ್ಟು ಬೇಡ. ಮೊದಲ ಸೀಸನ್‌ನ 1ರಿಂದ 3, ಆಮೇಲೆ 8ರಿಂದ 14. ಮಧ್ಯದ್ದರಲ್ಲಿ ಏಳನೆಯದನ್ನು ಮಾತ್ರ ಸೇರಿಸಿಕೊಂಡರೆ ಮುರಿಯುವ ಕತ್ತಿ ಎಲ್ಲಿಂದ ಬಂತೆಂದು ತಿಳಿಯುತ್ತದೆ. ‘ಫೇರಿ ಡ್ಯಾನ್ಸ್’ ಬಿಟ್ಟು ನೇರ 25ಕ್ಕೆ ಬನ್ನಿ. ಐನ್‌ಕ್ರಾಡ್ ಆಲ್ಫ್‌ಹೈಮ್‌ಗೆ ಬರುವುದು ಅಲ್ಲಿ, ಯೂಕಿಯ ಕಥೆಗೆ ಅದು ಬೇಕು. ಆಲ್ಫ್‌ಹೈಮ್‌ನಲ್ಲಿ ಸಿಗುವ ಲೀಫಾ ಎಂದರೆ ಕಿರಿಟೊನ ಮನೆಯಲ್ಲೇ ಬೆಳೆದ ಸುಗುಹಾ ಎಂದು ಗೊತ್ತಿದ್ದರೆ ಸಾಕು. ಎರಡನೇ ಸೀಸನ್ ಪೂರ್ತಿ ನೋಡಿ, ಸಮಯವಿಲ್ಲದಿದ್ದರೆ 18ರಿಂದ.

‘ಅಲಿಸೈಜೇಶನ್’ನ ಮೊದಲ 24 ನೋಡಿ ಯುಜಿಯೊನ ಕಥೆ ಮುಗಿದಲ್ಲಿಗೆ ನಿಲ್ಲಿಸಬಹುದು. ಮಹಡಿ ಹತ್ತುವುದನ್ನೇ ನೋಡಬೇಕೆಂಬ ಹಸಿವು ಉಳಿದವರಿಗೆ ‘ಪ್ರೊಗ್ರೆಸಿವ್’ ಹೆಸರಿನ ಎರಡು ಸಿನಿಮಾಗಳಿವೆ, 2021 ಮತ್ತು 2022ರವು, ಒಂದೊಂದೂ ಒಂದೂವರೆ ಗಂಟೆ ಚಿಲ್ಲರೆ. ಮೊದಲನೆಯದು ಅಸುನಾಳ ಕಣ್ಣಿನಿಂದ ಮೊದಲ ಮಹಡಿ, ಎರಡನೆಯದು ಐದನೇ ಮಹಡಿ. ನಡುವಿನ ಮೂರು ಮಹಡಿ ಬೇಕೆಂದರೆ ಅದೇ ಹೆಸರಿನ ಪುಸ್ತಕಗಳನ್ನೇ ಓದಬೇಕು.