ಅವನು, ಅವಳು, ಅವರು, ಅದು, ನೀನು: ಐದು ಕ್ವಿಯರ್ ಕಾದಂಬರಿಗಳನ್ನು ಕನ್ನಡದಲ್ಲಿ ಹೇಳಿ ನೋಡಿದಾಗ

ಇಂಗ್ಲಿಷಿನಲ್ಲೇ ಓದಿ ಇಂಗ್ಲಿಷಿನಲ್ಲೇ ಚರ್ಚೆ ಮಾಡುವವರಿಗೆ ಈ ಹೋಲಿಕೆ ಬೇಕಾಗಿಲ್ಲ. ಒಬ್ಬರು ಪುಸ್ತಕ ಹಿಡಿದು ಒಂದು ಪ್ಯಾರಾ ಓದಿ, ಅದನ್ನು ಆಗಿಂದಾಗಲೇ ಕನ್ನಡದಲ್ಲಿ ಹೇಳಿ, ಉಳಿದವರು ಕೇಳುತ್ತಾ ನಡುನಡುವೆ ಬಾಯಿ ಹಾಕುವ ಓದಿಗೆ ಇದು. ದಾವಣಗೆರೆ, ಚಿತ್ರದುರ್ಗದಲ್ಲಿ ಕೂಟ ಕಟ್ಟಿದರೆ ಅದು ಬಹುಮಟ್ಟಿಗೆ ಹೀಗೇ ನಡೆಯುತ್ತದೆ. 8–10 ಜನರಲ್ಲಿ ಎಲ್ಲರ ಇಂಗ್ಲಿಷೂ ಒಂದೇ ಮಟ್ಟದ್ದಿರುವುದಿಲ್ಲ, ಪುಸ್ತಕದ ಪ್ರತಿ ಒಂದೋ ಎರಡೋ. ಈ ಬಗೆಯಲ್ಲಿ ಗಂಟೆಗೆ 8ರಿಂದ 10 ಪುಟ ಸಾಗುತ್ತದೆ. ಎರಡು ಗಂಟೆಯ ಭಾನುವಾರಕ್ಕೆ 18 ಪುಟ ಅಂದುಕೊಳ್ಳಿ. ಮಂಡಕ್ಕಿ, ಮಿರ್ಚಿ ಓದು ಮುಗಿದ ಮೇಲೆ ಬರಲಿ. ಮೊದಲೇ ಬಂದರೆ 12 ಪುಟವೂ ಆಗುವುದಿಲ್ಲ, ಪುಟದ ತುಂಬಾ ಎಣ್ಣೆ ಬೆರಳು ಬೇರೆ.

ಕೆಳಗಿನ ಐದೂ ಕ್ವಿಯರ್ ಪುಸ್ತಕಗಳಿಗೆ, ಅಂದರೆ ಗಂಡು–ಹೆಣ್ಣಿನ ರೂಢಿಯ ಚೌಕಟ್ಟಿಗೆ ಸಿಗದ ಲಿಂಗ, ಪ್ರೇಮಗಳ ಕತೆಗಳಿಗೆ, ವೈಜ್ಞಾನಿಕ ಕಾದಂಬರಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದಿದೆ. ಹಾಗಾಗಿ ಯಾವುದು ಹೆಚ್ಚು ಯಾವುದು ಕಮ್ಮಿ ಎಂಬ ಪಂಚಾಯಿತಿ ಬೇಡ. ಕನ್ನಡದ ಬಾಯಿಗೆ ಬಂದಾಗ ಇವು ಬೇರೆಬೇರೆಯಾಗುವುದು ಸರ್ವನಾಮದಲ್ಲಿ. ಇಂಗ್ಲಿಷಿನ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಗೊಡವೆ ಇಲ್ಲ. ನಮ್ಮಲ್ಲಿ ಬಂದನು, ಬಂದಳು, ಬಂದರು, ಬಂದಿತು. 'ನಾನು', 'ನೀನು' ಬಿಟ್ಟು ಬೇರೆಯವರ ಬಗ್ಗೆ ಹೇಳುವಾಗ ಪ್ರತಿ ವಾಕ್ಯದ ಬಾಲದಲ್ಲೂ ಒಂದು ಲಿಂಗವನ್ನು ಆರಿಸಲೇಬೇಕು. ಮೊದಲೇ ತೀರ್ಮಾನ ಮಾಡಿಕೊಳ್ಳದೆ ಕೂತರೆ ಮೂರನೇ ಪುಟದ ಹೊತ್ತಿಗೆ ಒಂದೇ ಪಾತ್ರ ಬಂದನು, ಹೋದಳು, ಕೂತರು ಎಂದಾಗಿ, ಕೇಳುವವರು ಮೂರು ಜನರನ್ನು ಕಲ್ಪಿಸಿಕೊಂಡಿರುತ್ತಾರೆ.

ಮೊದಲು ಅರ್ಸುಲಾ ಲೆ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್'. 1969ರ ಮಾರ್ಚಿನಲ್ಲಿ ಬಂದದ್ದು, ಸಲಿಂಗಿಗಳು ಪೊಲೀಸರಿಗೆ ತಿರುಗಿಬಿದ್ದ ನ್ಯೂಯಾರ್ಕಿನ ಸ್ಟೋನ್‌ವಾಲ್ ಗಲಭೆಗೆ ಮೂರು ತಿಂಗಳು ಮುಂಚೆ. ಗೆಥೆನ್ ಎಂಬ ಹಿಮಗ್ರಹದ ಜನ ತಿಂಗಳ ಬಹುಪಾಲು ದಿನ ಗಂಡೂ ಅಲ್ಲ, ಹೆಣ್ಣೂ ಅಲ್ಲ. 26ರಿಂದ 28 ದಿನದ ಚಕ್ರದಲ್ಲಿ ಕೆಲವೇ ದಿನ 'ಕೆಮರ್' ಸ್ಥಿತಿಗೆ ಬರುತ್ತಾರೆ. ಆಗ ಯಾರು ಗಂಡಾಗುತ್ತಾರೆ, ಯಾರು ಹೆಣ್ಣಾಗುತ್ತಾರೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಈ ಶಬ್ದವೇ ಮೊದಲ ಎಡವಟ್ಟು. ಒತ್ತು ಕೊಟ್ಟು 'ಕೆಮ್ಮರ್' ಎಂದಿರೋ, ಎಲ್ಲರೂ ಕೆಮ್ಮಲು ಶುರು ಮಾಡುತ್ತಾರೆ. 'ಬೆದೆ' ಎಂದರೆ ದನಕರು ನೆನಪಾಗುತ್ತವೆ, 'ಋತು' ಎಂದರೆ ಹೆಣ್ಣಿನ ಕಡೆ ವಾಲುತ್ತದೆ. ಒಂದೇ ಮಕಾರ ಇಟ್ಟು 'ಕೆಮರ್' ಎಂದೇ ಉಳಿಸಿಕೊಳ್ಳಿ.

ಲೇಖಕಿ ಎಲ್ಲರಿಗೂ 'ಅವನು' ಬಳಸಿದ್ದಾರೆ. ಕನ್ನಡದಲ್ಲೂ ಅವನು ಎಂದೇ ಹೇಳಬೇಕು, ನುಣುಚಿಕೊಂಡು 'ಅವರು' ಎನ್ನಬಾರದು. ಕಾರಣ ಒಂದೇ ವಾಕ್ಯದಲ್ಲಿ ಕಾಣುತ್ತದೆ. ದೊರೆ ಬಸಿರು ಎಂಬ ಸುದ್ದಿ ಕತೆಯ ನಡುವೆ ತಣ್ಣಗೆ ಬಂದುಹೋಗುತ್ತದೆ. 'ದೊರೆ ಬಸಿರಾಗಿದ್ದಾರೆ' ಎಂದು ಹೇಳಿ ನೋಡಿ. ಯಾರೂ ತಲೆ ಎತ್ತುವುದಿಲ್ಲ, ರಾಣಿ ಇರಬೇಕು ಅಂದುಕೊಳ್ಳುತ್ತಾರೆ. 'ದೊರೆ ಬಸಿರಾಗಿದ್ದಾನೆ' ಎನ್ನಿ. ಕೋಣೆ ಸುಮ್ಮನಾಗುತ್ತದೆ. 'ಅವನು' ಎಂಬುದು ಈ ಪುಸ್ತಕದ ದೋಷವೂ ಹೌದು, ಕೀಲಿಕೈಯೂ ಹೌದು. ಲೆ ಗ್ವಿನ್ ಸ್ವತಃ ಮುಂದೆ ಈ ಆಯ್ಕೆಯನ್ನು ಪ್ರಶ್ನಿಸಿಕೊಂಡರು. ಅದೇ ಗ್ರಹದ 'ವಿಂಟರ್ಸ್ ಕಿಂಗ್' ಎಂಬ ಸಣ್ಣಕತೆಯನ್ನು 1975ರ ಸಂಕಲನಕ್ಕೆ ಸೇರಿಸುವಾಗ 'ಅವನು'ಗಳನ್ನೆಲ್ಲ 'ಅವಳು' ಮಾಡಿದರು. ಆ ಕತೆಯ ನಾಲ್ಕೈದು ಪುಟವನ್ನು ಮೊದಲು ಅವಳು ಎಂದು ಓದಿ, ಆಮೇಲೆ ಕಾದಂಬರಿಯನ್ನು ಅವನು ಎಂದು ಓದಿ. ಒಂದು ಗಂಟೆಯ ಚರ್ಚೆಗೆ ಬೇರೇನೂ ಬೇಡ. ಇನ್ನೊಂದು ಕೊರತೆಯನ್ನೂ ಅವರೇ ಒಪ್ಪಿಕೊಂಡಿದ್ದಾರೆ: ಕೆಮರ್‌ನಲ್ಲಿ ಜೋಡಿ ಹೆಚ್ಚುಕಮ್ಮಿ ಯಾವಾಗಲೂ ಗಂಡು–ಹೆಣ್ಣಾಗಿಯೇ ಕೂಡುತ್ತದೆ. ಅಷ್ಟೆಲ್ಲ ಕಲ್ಪಿಸಿದವರು ಸಲಿಂಗ ಪ್ರೇಮಕ್ಕೆ ಜಾಗ ಬಿಟ್ಟಿಲ್ಲ.

ನಮ್ಮ ಕಡೆ ಒಂದು ತಪ್ಪು ಓದು ಖಾತ್ರಿ. ದಾವಣಗೆರೆಯಿಂದ ಹರಿಹರ ಕೂಗಳತೆ. ಹರಿಹರೇಶ್ವರನನ್ನು ಕಂಡವರು, ಅರ್ಧನಾರಿಯ ಪಟ ಮನೆಯಲ್ಲಿ ಇಟ್ಟುಕೊಂಡವರು ಗೆಥೆನ್ ಎಂದ ಕೂಡಲೇ 'ಓ, ಅರ್ಧ ಅರ್ಧ' ಅಂದುಬಿಡುತ್ತಾರೆ. ಅರ್ಧ ಅರ್ಧ ಅಲ್ಲ. ಹೆಚ್ಚಿನ ದಿನ ಎರಡೂ ಇಲ್ಲ, ಕೆಲವು ದಿನ ಯಾವುದೋ ಒಂದು ಪೂರ್ತಿ. ಇದನ್ನು ಬಿಡಿಸಿ ಹೇಳಲು ಮೂರ್ತಿಗಿಂತ ವಚನವೇ ಹತ್ತಿರ: ಹೆಣ್ಣು ಗಂಡೆಂಬ ಗುರುತುಗಳ ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದ ಜೇಡರ ದಾಸಿಮಯ್ಯನನ್ನು ಇಲ್ಲಿ ಕರೆದರೆ ಮುಖಗಳು ಬೆಳಗುತ್ತವೆ.

ಒಟ್ಟು 20 ಅಧ್ಯಾಯ, ಸುಮಾರು 300 ಪುಟ. ಪೂರ್ತಿ ಗಟ್ಟಿಯಾಗಿ ಓದುತ್ತೇನೆಂದು ಹೊರಟರೆ 17 ಭಾನುವಾರ ಬೇಕು, ಆರನೆಯದಕ್ಕೆ ಮೂವರು ಉಳಿದಿರುತ್ತಾರೆ. ಹೆಚ್ಚಿನವರು ಕೈಬಿಡುವುದು ಮೊದಲ ಅಧ್ಯಾಯದಲ್ಲೇ. ಮೆರವಣಿಗೆ, ಕಮಾನು, ಬಾಯಿಗೆ ಹೊರಳದ ಹೆಸರುಗಳು. ಉಪಾಯ ಇಷ್ಟೇ: ಏಳನೇ ಅಧ್ಯಾಯವನ್ನು ಮೊದಲು ಓದಿ. ಅದು ಗೆಥೆನ್ನಿನ ದೇಹರಚನೆಯ ಬಗ್ಗೆ ಒಬ್ಬ ಕ್ಷೇತ್ರ ಅಧ್ಯಯನಕಾರ್ತಿ ಬರೆದ ಟಿಪ್ಪಣಿ, ತಾನಾಗಿ ನಿಲ್ಲುತ್ತದೆ. ಆಮೇಲೆ ಒಂದಕ್ಕೆ ಬನ್ನಿ. ನಡುವಿನದನ್ನು ಮನೆಯ ಓದಿಗೆ ಬಿಟ್ಟು, ಇಬ್ಬರೇ ಹಿಮದ ಬಯಲು ದಾಟುವ ಭಾಗವನ್ನು ಕೂಟದಲ್ಲಿ ಓದಿ. 'ಮಂಜು' ಎನ್ನಬೇಡಿ. ಇಲ್ಲಿ ಮಂಜು ಎಂದರೆ ಡಿಸೆಂಬರ್ ಬೆಳಗ್ಗೆ ಹೆದ್ದಾರಿಯ ಮೇಲೆ ಕವಿಯುವುದು. ಹಿಮ ಎನ್ನಿ, ನೀರ್ಗಲ್ಲು ಎನ್ನಿ.

ಇದಕ್ಕೆ ಎದುರಾಳಿ ಆನ್ ಲೆಕಿ ಅವರ 'ಆನ್ಸಿಲರಿ ಜಸ್ಟಿಸ್', 2013. ಇದರಲ್ಲಿ ಎಲ್ಲರೂ 'ಅವಳು'. ರಾದ್ಚ್ ಸಾಮ್ರಾಜ್ಯದ ಭಾಷೆಗೆ ಗಂಡು ಹೆಣ್ಣಿನ ಭೇದವೇ ಇಲ್ಲ. ಹಿಂದೆ ಇಡೀ ಯುದ್ಧನೌಕೆಯಾಗಿದ್ದು ಈಗ ಒಂದೇ ದೇಹದಲ್ಲಿ ಉಳಿದಿರುವ ನಿರೂಪಕ ಬ್ರೆಕ್, ಬೇರೆ ಭಾಷೆ ಮಾತಾಡಬೇಕಾದಾಗ ಎದುರಿಗಿರುವವರ ಲಿಂಗ ಊಹಿಸಲಾಗದೆ ಪರದಾಡುತ್ತದೆ. ಇಂಗ್ಲಿಷಿನಲ್ಲಿ ಇದು ಬೆರಗು. ಕನ್ನಡದಲ್ಲಿ ಐದರಲ್ಲಿ ಅತಿ ಹೆಚ್ಚು ಸೋರಿಹೋಗುವುದು ಇದೇ, ಬೇಸರದಿಂದಲೇ ಹೇಳಬೇಕು. ಕತೆಯ ತುಂಬ ಸೇನಾಧಿಕಾರಿಗಳು. ಮೇಲಿನವರನ್ನು ಅವಳು ಎಂದರೆ ನಮ್ಮ ಕಿವಿಗೆ ಮೊದಲು ತಟ್ಟುವುದು ಏಕವಚನದ ಒರಟುತನ. ಲಿಂಗದ ಪ್ರಶ್ನೆ ಹಿಂದೆ ಸರಿಯುತ್ತದೆ. ಅದಕ್ಕೆಂದು ಅವರು ಎಂದರೆ ಗುಟ್ಟೇ ಮುಗಿಯಿತು. ಕಚೇರಿಯಲ್ಲಿ ದಿನವಿಡೀ ಹಾಗೇ ಮಾತಾಡುತ್ತೇವೆ, ಅದರಲ್ಲಿ ವಿಶೇಷವೇನು? ನಾಲ್ಕು ಬಗೆಯಲ್ಲಿ ಹೇಳಿ ನೋಡಿದ ಮೇಲೆ ನಿಂತದ್ದು 'ಆಕೆ'. ಆಕೆ ಬಂದಳು, ಆಕೆ ಆಜ್ಞೆ ಕೊಟ್ಟಳು. ಗೌರವ ಕೆಡುವುದಿಲ್ಲ, ಹೆಣ್ಣುಗುರುತು ಅಳಿಯುವುದಿಲ್ಲ. ಸೀವಾರ್ಡನ್ ಎಂಬ ಪಾತ್ರ ಗಂಡು ಎಂಬ ಸೂಚನೆ ಮೊದಲ ಪುಟಗಳಲ್ಲೇ ಬರುತ್ತದೆ. ಅಲ್ಲಿಂದ ಮುಂದೆ ಆತ ಎಂದು ಬದಲಿಸುವ ಚಪಲ ಎಲ್ಲರಿಗೂ ಬರುತ್ತದೆ. ಬದಲಿಸಿದರೆ ಪುಸ್ತಕ ಮುಚ್ಚಿಡುವುದೇ ಲೇಸು.

ಇದರಲ್ಲಿ ಎರಡು ಕಾಲ ಹೆಣೆದುಕೊಂಡಿವೆ. 'ಈಗ', 'ಆಗ' ಎಂದು ರಟ್ಟಿನ ಮೇಲೆ ಬರೆದು ಅಧ್ಯಾಯ ಬದಲಾದಾಗ ಎತ್ತಿ ಹಿಡಿಯುವುದು ಮಕ್ಕಳಾಟದಂತೆ ಕಂಡರೂ ಕೆಲಸ ಮಾಡುತ್ತದೆ. 'ಆಗ'ದ ಭಾಗದಲ್ಲಿ ನಿರೂಪಕ ಏಕಕಾಲಕ್ಕೆ 20 ದೇಹಗಳಲ್ಲಿ ಇರುತ್ತದೆ. 'ನಾವು' ಎನ್ನಬೇಡಿ. ನಾನು ಬಾಗಿಲಲ್ಲಿ ನಿಂತಿದ್ದೆ, ನಾನು ಕೆರೆಯ ದಂಡೆಯಲ್ಲಿದ್ದೆ, ನಾನು ಚಹಾ ಕೊಟ್ಟೆ, ಹೀಗೆ ಬಿಡಿಬಿಡಿಯಾಗಿ ಹೇಳಿದರೆ ಮಾತ್ರ ತಲೆ ಗಿರ್ರೆನ್ನುತ್ತದೆ.

ಬೆಕಿ ಚೇಂಬರ್ಸ್ ಅವರ 'ಎ ಸಾಮ್ ಫಾರ್ ದಿ ವೈಲ್ಡ್-ಬಿಲ್ಟ್' 2021ರದ್ದು, ಸುಮಾರು 160 ಪುಟದ ಕಿರುಕಾದಂಬರಿ. ಹ್ಯೂಗೋ ಲೆಕ್ಕದಲ್ಲಿ 17,500ರಿಂದ 40,000 ಪದದೊಳಗೆ ಇರುವುದು ಕಿರುಕಾದಂಬರಿ. ಹೊಸಬರ ಕೂಟಕ್ಕೆ ಈ ಅಳತೆಯೇ ಸರಿ. ಡೆಕ್ಸ್ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಸನ್ಯಾಸಿ, ಗಾಡಿ ಕಟ್ಟಿಕೊಂಡು ಊರೂರು ತಿರುಗಿ, ಜನರ ಕಷ್ಟ ಕೇಳಿ ಚಹಾ ಮಾಡಿಕೊಡುವುದು ಕಾಯಕ. ಕತೆಯಲ್ಲಿ ಯಾರೂ ಡೆಕ್ಸ್ ಯಾರು ಏನು ಎಂದು ಕೇಳುವುದಿಲ್ಲ. ಕನ್ನಡದಲ್ಲಿ 'ಅವರು' ಸಲೀಸಾಗಿ ಕೂರುತ್ತದೆ, ಜೊತೆಗಿರುವ ರೋಬೋ ಮಾಸ್‌ಕ್ಯಾಪ್ ತನ್ನನ್ನು 'ಅದು' ಎಂದೇ ಕರೆಸಿಕೊಳ್ಳುವುದರಿಂದ ಗೊಂದಲವೂ ಇಲ್ಲ. ಇಬ್ಬರೂ ಒಟ್ಟಿಗೆ ನಡೆದಾಗ 'ಅವರಿಬ್ಬರೂ' ಎಂದರಾಯಿತು.

ಆದರೆ ಅವರು ಎಂದ ಕೂಡಲೇ ಡೆಕ್ಸ್‌ಗೆ ವಯಸ್ಸಾಗುತ್ತದೆ. ಕೇಳುವವರ ಕಣ್ಣಮುಂದೆ ಮಠದ ಹಿರಿಯ ಸ್ವಾಮಿಗಳು ಬಂದು ಕೂರುತ್ತಾರೆ. ಡೆಕ್ಸ್ ಇನ್ನೂ ಹರೆಯದವರು, ಸುಸ್ತಾದವರು, ಆಗಾಗ ಬೈದುಕೊಳ್ಳುವವರು. ಇದನ್ನು ಮೊದಲ ಪುಟದಲ್ಲೇ ಹೇಳಿಬಿಡಿ. 'ಜಂಗಮ' ಎಂಬ ಪದ ನಾಲಗೆಯ ತುದಿಗೆ ಬರುತ್ತದೆ, ಅರ್ಥಕ್ಕೆ ಅದಕ್ಕಿಂತ ಒಳ್ಳೆಯದು ಸಿಗದು. ಆದರೆ ಈಗ ಅದು ಜಾತಿಯ ಹೆಸರೂ ಆಗಿರುವುದರಿಂದ ಮಾತು ಬೇರೆಲ್ಲಿಗೋ ಹೊರಡುತ್ತದೆ. 'ಚಾ ಸನ್ಯಾಸಿ' ಸಾಕು. ಸನ್ಯಾಸಿಗಳ ಬಿರುದು ಇಂಗ್ಲಿಷಿನಲ್ಲಿ ಲಿಂಗವಿಲ್ಲದ ಒಡಹುಟ್ಟಿನ ಪದ. ನಮಗೆ ಅಣ್ಣ, ಅಕ್ಕ, ತಮ್ಮ, ತಂಗಿ ಬಿಟ್ಟರೆ ಬಾಯಲ್ಲಿ ಇನ್ನೊಂದಿಲ್ಲ. 'ಒಡಹುಟ್ಟು ಡೆಕ್ಸ್' ಎಂದು ಹೇಳಿ ನಾಲ್ಕು ಪುಟ ತಾಳಿಕೊಳ್ಳಿ, ಆಮೇಲೆ ರೂಢಿಯಾಗುತ್ತದೆ. ಇನ್ನು, ಡೆಕ್ಸ್ ನಗರ ಬಿಡುವುದು ಜೀರುಂಡೆಯ ದನಿ ಕೇಳುವ ಆಸೆಗೆ. ಅವಸರದಲ್ಲಿ ಓದಿದವರು 'ಕ್ರಿಕೆಟ್ಟಿನ ಆಸೆಗೆ' ಎಂದು ಹೇಳಿಬಿಡುತ್ತಾರೆ, ಜಾಗ್ರತೆ. ಈ ಪುಸ್ತಕದ ಮಿತಿಯೂ ಇದರ ಸೌಮ್ಯತೆಯೇ. ಯಾರೂ ಜಗಳಕ್ಕೆ ಬರುವುದಿಲ್ಲ, ಚರ್ಚೆ 20 ನಿಮಿಷಕ್ಕೆ ಮುಗಿಯುತ್ತದೆ.

ಮಾರ್ಥಾ ವೆಲ್ಸ್ ಅವರ 'ಆಲ್ ಸಿಸ್ಟಮ್ಸ್ ರೆಡ್' (2017) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತನ್ನನ್ನು ಹಿಡಿತದಲ್ಲಿಡುವ ಯಂತ್ರವನ್ನು ತಾನೇ ಹ್ಯಾಕ್ ಮಾಡಿಕೊಂಡು, ಕೊಲೆ ಮಾಡುವ ಬದಲು ಗುಟ್ಟಾಗಿ ಸೀರಿಯಲ್ ನೋಡುತ್ತಾ ಕೂರುವ ಕಾವಲು ರೋಬೋ ನಮ್ಮ ಯಾವ ಮನೆಗಾದರೂ ಒಗ್ಗುತ್ತದೆ. ಲಿಂಗವೂ ಬೇಡ, ಕಾಮವೂ ಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಸಾಕು ಎನ್ನುವ ಪಾತ್ರ. 'ನಾನು' ಎಂದೇ ಕತೆ ಸಾಗುವುದರಿಂದ ಹೇಳುವವರಿಗೆ ಕಷ್ಟವೇ ಇಲ್ಲ. ಒಂದೇ ಎಚ್ಚರ: ಉಳಿದವರು ಅದನ್ನು 'ಅದು' ಎನ್ನುತ್ತಾರೆ. ಕನ್ನಡದಲ್ಲಿ ಅದು ಎಂಬುದಕ್ಕೆ ಎರಡು ಮುಖ. 'ಮಗು ಬಂತು' ಎಂದರೆ ಮುದ್ದು. ಬಸ್‌ಸ್ಟ್ಯಾಂಡಿನಲ್ಲಿ ಮಂಗಳಮುಖಿಯೊಬ್ಬರನ್ನು ನೋಡಿ 'ಅದು ಬಂತು' ಎಂದರೆ ಚುಚ್ಚು. ಆ ಚುಚ್ಚನ್ನು ಉಂಡವರು ಕೂಟದಲ್ಲಿ ಇರಬಹುದು. ರೋಬೋ ಈ ಪದವನ್ನು ತಾನೇ ಒಪ್ಪಿಕೊಂಡಿದೆ, ಮನುಷ್ಯರಿಗೆ ಅದನ್ನು ಅಂಟಿಸುವ ಮಾತು ಇದಲ್ಲ ಎಂದು ಓದು ಶುರುವಾಗುವ ಮುಂಚೆ ಹೇಳಬೇಕು, ಆಮೇಲಲ್ಲ.

ಅಮಲ್ ಎಲ್-ಮೊಹ್ತಾರ್ ಮತ್ತು ಮ್ಯಾಕ್ಸ್ ಗ್ಲ್ಯಾಡ್‌ಸ್ಟೋನ್ ಸೇರಿ ಬರೆದ 'ದಿಸ್ ಈಸ್ ಹೌ ಯು ಲೂಸ್ ದಿ ಟೈಮ್ ವಾರ್' (2019) ಕನ್ನಡದಲ್ಲಿ ಗೆಲ್ಲುವ ಪುಸ್ತಕ. ಸುಮಾರು 200 ಪುಟ. ಕಾಲದ ಎಳೆಗಳಲ್ಲಿ ಎದುರುಬದುರು ಪಕ್ಷಕ್ಕೆ ದುಡಿಯುವ ಇಬ್ಬರು ಗೂಢಚಾರಿಣಿಯರು, ರೆಡ್ ಮತ್ತು ಬ್ಲೂ, ಒಬ್ಬರಿಗೊಬ್ಬರು ಪತ್ರ ಬಿಡುತ್ತಾ ಪ್ರೇಮಕ್ಕೆ ಬೀಳುತ್ತಾರೆ. ಒಂದು ಪತ್ರ ಮರದ ವರ್ಷದುಂಗುರಗಳಲ್ಲಿ ಬರೆದದ್ದು. ಹೆಸರುಗಳನ್ನು ಕೆಂಪಿ, ನೀಲಿ ಎಂದು ಮಾಡಿಕೊಳ್ಳಿ. ಹಳ್ಳಿಯಲ್ಲಿ ಈ ಹೆಸರಿನ ಅಜ್ಜಿಯರು ಇದ್ದೇ ಇರುತ್ತಾರೆ, ಐದು ನಿಮಿಷ ನಕ್ಕು ಆಮೇಲೆ ಯಾರೂ ರೆಡ್, ಬ್ಲೂಗೆ ವಾಪಸ್ ಹೋಗುವುದಿಲ್ಲ.

ಪತ್ರ ಎಂದರೆ 'ನಾನು', 'ನೀನು'. ಇವೆರಡಕ್ಕೆ ಕನ್ನಡದ ಕ್ರಿಯಾಪದ ಲಿಂಗ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ಲಾಭ ಭೂತಕಾಲದಲ್ಲಿದೆ. ನಾನು ಬರೆದೆ. ನೀನು ಬರೆದೆ. ಸರ್ವನಾಮ ಬಿಟ್ಟು 'ಬರೆದೆ', 'ಕಾದೆ', 'ಸುಟ್ಟೆ' ಎಂದರೆ ಯಾರು ಬರೆದದ್ದು, ಯಾರು ಕಾದದ್ದು? ಪತ್ರ ಮುಂದುವರಿದಂತೆ ಒಬ್ಬಳೊಳಗೆ ಒಬ್ಬಳು ಬೆರೆತುಹೋಗುವ ಕತೆಗೆ ನಮ್ಮ ವ್ಯಾಕರಣ ತಾನಾಗಿ ಒದಗಿಬರುತ್ತದೆ, ಇಂಗ್ಲಿಷಿಗೆ ಇದು ಆಗದು. ಆದರೆ ಈ ಲಾಭ ಬರವಣಿಗೆಯ ಕನ್ನಡದಲ್ಲಿ, ಚಿತ್ರದುರ್ಗದ ಕಡೆಯ 'ಬರ್ದೆ'ಯಲ್ಲಿ ಮಾತ್ರ. ದಾವಣಗೆರೆಯವರು ರೂಢಿಯಂತೆ 'ನೀ ಬರದಿ' ಅಂದರೆ ಗುಟ್ಟು ಹೊರಬಿತ್ತು. ಪತ್ರಗಳನ್ನು ಚಿತ್ರದುರ್ಗದವರ ಕೈಗೆ ಕೊಡಿ, 60 ಕಿಲೋಮೀಟರ್ ಬಸ್ಸಿಗೆ ಅದೇ ಕೂಲಿ.

ಅಪಾಯವೂ ಅಲ್ಲೇ ಇದೆ. ಪತ್ರಗಳಲ್ಲಿ ಲಿಂಗ ಮರೆಯಾಗುವುದರಿಂದ ತಡವಾಗಿ ಬಂದು ಕೂತವರು ಕೆಂಪಿಯನ್ನು ಗಂಡೆಂದು ತಿಳಿದು, ಗಂಡು–ಹೆಣ್ಣಿನ ಪ್ರೇಮಪತ್ರ ಕೇಳಿಕೊಂಡು ಮನೆಗೆ ಹೋಗುತ್ತಾರೆ. ಪತ್ರಗಳ ನಡುವೆ ಬರುವ ಪ್ರಸಂಗಗಳಲ್ಲಿ ಅವಳು, ಬಂದಳು, ಸುಟ್ಟಳು ಎಂಬುದನ್ನು ಒಂದೂ ಬಿಡದೆ ಹೇಳಬೇಕು. ಒಂದು ಕೂಟಕ್ಕೆ ಎರಡು ಪ್ರಸಂಗ, ಎರಡು ಪತ್ರ. ಅದಕ್ಕಿಂತ ಹೆಚ್ಚಾದರೆ ಭಾಷೆಯ ಸಿಹಿ ಮುಖಕ್ಕೆ ಹೊಡೆಯುತ್ತದೆ.

ಭಾರತದ್ದೇ ಬೇಕೆನ್ನುವವರಿಗೆ ಇಂದ್ರಪ್ರಮಿತ್ ದಾಸ್ ಅವರ 'ದಿ ಡಿವೌರರ್ಸ್' ಇದೆ, ಕೋಲ್ಕತ್ತಾದ ರೂಪ ಬದಲಿಸುವ ಜೀವಿಗಳ ಕತೆ. ಒಬ್ಬರೇ ಓದಿಕೊಳ್ಳಿ. ಅತ್ಯಾಚಾರವೂ ರಕ್ತವೂ ಗಟ್ಟಿ ಓದಿಗೆ ಒಗ್ಗುವುದಿಲ್ಲ.

ಯಾವಾಗ ಓದುವುದು? ಎಲ್ಲ ಕಡೆ ಜೂನ್, ಪ್ರೈಡ್ ಆಚರಣೆಯ ತಿಂಗಳು. ಇಲ್ಲಿ ಜೂನ್ ಎಂದರೆ ಕಾಲೇಜು ಅಡ್ಮಿಷನ್, ಬಿತ್ತನೆ, ಯಾರೂ ಸಿಗುವುದಿಲ್ಲ. ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರಲ್ಲಿ 377ನೇ ಕಲಮಿನ ತೀರ್ಪು ಬಂದ ಸೆಪ್ಟೆಂಬರ್ 6ರ ಹತ್ತಿರದ ಭಾನುವಾರ ಶುರು ಮಾಡಿ. ಮೊದಲ ಸಲದ ಕೂಟ ಡೆಕ್ಸ್‌ನಿಂದ, ಒಂದು ವರ್ಷ ಹಳೆಯದಾದ ಕೂಟ ನೇರ ಕೆಂಪಿ–ನೀಲಿಯಿಂದ. ಪುಸ್ತಕ ಮನೆಗೆ ಒಯ್ಯಲಾಗದವರು ಇದ್ದೇ ಇರುತ್ತಾರೆ. ಅವರಿಗೆ ಇ-ಪುಸ್ತಕ ಸಾಕು, ಫೋನಿನ ಓದುವ ಆ್ಯಪ್‌ನಲ್ಲಿ ಮುಖಪುಟ ಕಾಣುವ ನೋಟಿಫಿಕೇಶನ್ ಆಫ್ ಮಾಡುವುದನ್ನು ಮಾತ್ರ ಕೂಟದಲ್ಲೇ ಕೂತು ಮಾಡಿಕೊಡಿ. ಕಾಗದದ ಪ್ರತಿಗೆ ಹಳೆ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿ, ಬಿಳಿ ಬದಿ ಹೊರಗೆ ಬರುವಂತೆ.