ಕಕ್ಕಡದ ಮಳೆಯಲ್ಲಿ ಕೇಳಿದ ಮೈಕೆಲ್ ಜಾಕ್ಸನ್: ನಾಲ್ಕು ಆಲ್ಬಮ್‌ಗಳ ಹೋಲಿಕೆ

ಮೈಕೆಲ್ ಜಾಕ್ಸನ್ ಅವರ ಹಾಡುಗಳನ್ನು ಶಾಲಾ ದಿನಗಳಿಂದಲೂ ಬಿಡಿಬಿಡಿಯಾಗಿ ಕೇಳಿದ್ದೆನೇ ಹೊರತು, ಒಂದು ಆಲ್ಬಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕುಳಿತು ಕೇಳಿರಲಿಲ್ಲ. ಈ ಬಾರಿಯ ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ತೋಟದ ಕೆಲಸ ನಿಂತು, ಮಡಿಕೇರಿಯ ಮನೆಯೊಳಗೇ ಉಳಿಯಬೇಕಾಗಿ ಬಂದ ಎರಡು ವಾರಗಳಲ್ಲಿ, ಅವರ ನಾಲ್ಕು ಆಲ್ಬಮ್‌ಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಜೋಡಿ ಸ್ಪೀಕರಿನಲ್ಲಿ, ಯಾವ ಹಾಡನ್ನೂ ದಾಟಿಸದೆ ತಲಾ ಮೂರು ಬಾರಿ ಕೇಳಿದೆ. ಹೆಂಚಿನ ಮಾಡಿನ ಮೇಲೆ ಎಡೆಬಿಡದೆ ಸುರಿಯುವ ಮಳೆಯ ಸದ್ದು ಮೊದಮೊದಲು ಅಡ್ಡಿಯೆನಿಸಿದರೂ, ಯಾವ ಧ್ವನಿಮುದ್ರಣದಲ್ಲಿ ಪ್ರತಿಯೊಂದು ವಾದ್ಯಕ್ಕೂ ತನ್ನದೇ ಆದ ಜಾಗವಿದೆ ಎಂಬುದನ್ನು ಅದೇ ತಿಳಿಸಿಕೊಟ್ಟಿತು.

1979ರ ಆಗಸ್ಟಿನಲ್ಲಿ ಬಂದ 'ಆಫ್ ದ ವಾಲ್' ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ಕೂರಿಸಿತು. ಆಗ ಜಾಕ್ಸನ್ ಅವರಿಗೆ ಇನ್ನೂ 21 ತುಂಬಿರಲಿಲ್ಲ. ಕ್ವಿನ್ಸಿ ಜೋನ್ಸ್ ಅವರ ನಿರ್ಮಾಣದಲ್ಲಿ ಅವರ ಮೊದಲ ಆಲ್ಬಮ್ ಇದು. ಮೊದಲ ನಾಲ್ಕು ಹಾಡುಗಳು ಒಂದರ ಬೆನ್ನಿಗೊಂದು ಬರುವ ರೀತಿ, ನಮ್ಮ ಕಡೆಯ ಮದುವೆಮನೆಯಲ್ಲಿ ವಾಲಗ ಶುರುವಾದಾಗ ಕುಳಿತವರ ಕಾಲೂ ತಾನಾಗಿ ಏಳುವುದನ್ನು ನೆನಪಿಸುತ್ತದೆ. ಇಲ್ಲಿನ ಗಾಯನದಲ್ಲಿ ಬಿಗಿತವೇ ಇಲ್ಲ. ಮೇಲಿನ ಸ್ಥಾಯಿಗೆ ಏರುವಾಗಲೂ ಧ್ವನಿ ಸಡಿಲವಾಗಿ, ಸಂತೋಷವಾಗಿ ಹರಿಯುತ್ತದೆ. 'ಶೀಸ್ ಔಟ್ ಆಫ್ ಮೈ ಲೈಫ್' ಹಾಡಿನ ಕೊನೆಯಲ್ಲಿ ಗಂಟಲು ಒಡೆಯುವುದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡದ್ದು ಈ ಆಲ್ಬಮಿನ ದೊಡ್ಡ ಪ್ರಾಮಾಣಿಕತೆ ಎಂದು ನಾನು ಭಾವಿಸುತ್ತೇನೆ. ಸ್ಟೀವಿ ವಂಡರ್ ಅವರ ರಚನೆಯಲ್ಲಿ ಪಾಲಿರುವ 'ಐ ಕಾಂಟ್ ಹೆಲ್ಪ್ ಇಟ್' ಮಾತ್ರ ಎಷ್ಟು ಮೃದುವೆಂದರೆ, ಮಳೆಯಲ್ಲಿ ಅರ್ಧದಷ್ಟು ಮುಳುಗಿಹೋಗಿ, ರಾತ್ರಿ ಮಳೆ ಬಿಟ್ಟ ಮೇಲೆ ಮತ್ತೆ ಕೇಳಬೇಕಾಯಿತು. 'ಗರ್ಲ್‌ಫ್ರೆಂಡ್' ತೆಳುವಾದ ಹಾಡು. ಕುಣಿತ ಮತ್ತು ಪ್ರೇಮದಾಚೆಗೆ ಆಲ್ಬಮ್ ಹೆಚ್ಚೇನನ್ನೂ ಹೇಳುವುದಿಲ್ಲ ಎಂಬುದೂ ನಿಜ.

1982ರ 'ಥ್ರಿಲ್ಲರ್' 42 ನಿಮಿಷಗಳ ಒಂಬತ್ತು ಹಾಡುಗಳ ಆಲ್ಬಮ್. ಮೊದಲ ಬಾರಿ ಸಿದ್ಧಪಡಿಸಿದಾಗ ಹಾಡುಗಳು ಉದ್ದವಾಗಿ, ಗ್ರಾಮಫೋನ್ ತಟ್ಟೆಯ ಒಂದೊಂದು ಮಗ್ಗುಲಿನಲ್ಲೂ ಇಕ್ಕಟ್ಟಾಗಿ, ಧ್ವನಿ ಸೊರಗಿತ್ತು. ಆಮೇಲೆ ಅವನ್ನು ಕತ್ತರಿಸಿ, ಒಂದೊಂದನ್ನೇ ಹೊಸದಾಗಿ ಮಿಶ್ರಣ ಮಾಡಿದರು. ಆ ಶ್ರಮ ಮಳೆಯ ನಡುವೆಯೂ ಕೇಳಿಸಿತು: 'ಬಿಲ್ಲಿ ಜೀನ್' ಹಾಡಿನ ಡ್ರಮ್ಮು, ಅದರ ಮೇಲೆ ಬಂದು ಸೇರುವ ಬೇಸ್ ಗಿಟಾರ್, ಆಮೇಲಿನ ಪಿಸುದನಿ, ಇವುಗಳಲ್ಲಿ ಯಾವುದೂ ಇನ್ನೊಂದನ್ನು ತುಳಿಯುವುದಿಲ್ಲ. ಆ ಹಾಡಿನ ಉದ್ದನೆಯ ಪೀಠಿಕೆಯನ್ನು ಮೊಟಕುಗೊಳಿಸಬೇಕೆಂದು ಜೋನ್ಸ್ ಬಯಸಿದ್ದರು. ಜಾಕ್ಸನ್ ಒಪ್ಪಲಿಲ್ಲ, ಅವರ ಹಟವೇ ಸರಿಯಾಗಿತ್ತು. 'ಬೀಟ್ ಇಟ್' ಹಾಡಿನಲ್ಲಿ ಎಡ್ಡಿ ವ್ಯಾನ್ ಹೇಲನ್ ಅವರ ಗಿಟಾರ್ ಬಂದಾಗ ಮಳೆಯನ್ನೇ ಮರೆತಿದ್ದೆ. ಆದರೆ ಒಂಬತ್ತರಲ್ಲಿ ಏಳು ಹಾಡುಗಳು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದ ಈ ಆಲ್ಬಮ್, ಒಟ್ಟಾಗಿ ಕೇಳಿದಾಗ ಒಂದು ಮನೆಯಂತೆ ಅಲ್ಲ, ಒಂದೊಂದೂ ಸುಂದರವಾದ ಒಂಬತ್ತು ಮನೆಗಳ ಬೀದಿಯಂತೆ ಅನ್ನಿಸುತ್ತದೆ. 'ದ ಗರ್ಲ್ ಈಸ್ ಮೈನ್' ಬಂದಾಗಲಂತೂ ಮೂರು ಬಾರಿಯೂ ನನ್ನ ಗಮನ ಕದಲಿತು.

ಹನ್ನೊಂದು ಹಾಡುಗಳಲ್ಲಿ ಒಂಬತ್ತನ್ನು ಸ್ವತಃ ಜಾಕ್ಸನ್ ಅವರೇ ಬರೆದ 'ಬ್ಯಾಡ್' 1987ರಲ್ಲಿ ಬಂತು. 'ಸ್ಮೂತ್ ಕ್ರಿಮಿನಲ್' ಹಾಡಿನ ಓಟ ಈಗಲೂ ಬೆರಗು ಹುಟ್ಟಿಸುತ್ತದೆ. ಹಾಗಿದ್ದರೂ ನನ್ನನ್ನು ಅತಿ ಹೆಚ್ಚು ಕಲಕಿದ 'ಮ್ಯಾನ್ ಇನ್ ದ ಮಿರರ್' ಅವರು ಬರೆಯದ ಎರಡರಲ್ಲಿ ಒಂದು. ಸಿಂಥಸೈಸರಿನ ಗಡಸು ಸದ್ದು ಆಲ್ಬಮಿನುದ್ದಕ್ಕೂ ತುಂಬಿಕೊಂಡಿದ್ದು, ಮೂರನೆಯ ಬಾರಿಗೆ ಕಿವಿ ದಣಿಯಿತು.

1991ರ 'ಡೇಂಜರಸ್' ಆಲ್ಬಮಿನ ತೊಂದರೆ ಅದರ ಉದ್ದ. ಹದಿನಾಲ್ಕು ಹಾಡುಗಳು, 77 ನಿಮಿಷ. ನಾನು ಕೇಳಿದ ಮೂರು ಬಾರಿಗಳಲ್ಲಿ ಎರಡು ಬಾರಿ ಕರೆಂಟು ಹೋಗಿ, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಜೋನ್ಸ್ ಅವರ ಬದಲು ಟೆಡ್ಡಿ ರೈಲಿ ಜೊತೆಯಾದ ಮೊದಲ ಆರು ಹಾಡುಗಳ ತಾಳ ಹೊಸದು, ಬಲವಾದದ್ದು, 'ರಿಮೆಂಬರ್ ದ ಟೈಮ್' ಇಡೀ ನಾಲ್ಕು ಆಲ್ಬಮ್‌ಗಳಲ್ಲೇ ನನಗೆ ಪ್ರಿಯವಾದ ಹಾಡುಗಳಲ್ಲಿ ಒಂದು. ಆದರೆ ಆ ತಾಳದ ಬೆನ್ನಿಗೇ 'ಹೀಲ್ ದ ವರ್ಲ್ಡ್' ಬಂದಾಗ ಎರಡು ಬೇರೆ ಆಲ್ಬಮ್‌ಗಳನ್ನು ಹೊಲಿದಂತೆ ತೋರುತ್ತದೆ. ಧ್ವನಿಯೂ ಇಲ್ಲಿ ಬದಲಾಗಿದೆ: ಪದಗಳು ತುಂಡಾಗಿ, ಉಸಿರು ಬಿಗಿಹಿಡಿದಂತೆ ಬರುತ್ತವೆ. ಅದು ತಾಳಕ್ಕೆ ಹೊಂದುತ್ತದೆ, ಆದರೆ 1979ರ ಆ ಹರಿವು ಇಲ್ಲಿ ಬೇಕೆನಿಸುತ್ತದೆ.

ಒಂದೇ ಹಾಡನ್ನು ಆರಿಸಬೇಕಾದರೆ ನಾನು 'ಥ್ರಿಲ್ಲರ್' ಆಲ್ಬಮ್ ಬಿಟ್ಟು ಆಚೆ ಹೋಗುವುದಿಲ್ಲ. ಒಂದು ಸಂಜೆಯನ್ನು ಪೂರ್ತಿಯಾಗಿ ಕೊಡಬೇಕಾದರೆ 'ಆಫ್ ದ ವಾಲ್' ಆಲ್ಬಮಿಗೇ ಕೊಡುತ್ತೇನೆ. ಮಳೆಗಾಲದ ರಜೆಗೆ ಬಂದಿದ್ದ ಅಕ್ಕನ ಮಗಳು ಯಾವುದರಿಂದ ಶುರುಮಾಡಲಿ ಎಂದು ಕೇಳಿದಾಗಲೂ ಅದನ್ನೇ ಹಾಕಿ ಕೊಟ್ಟೆ; 'ಬಿಲ್ಲಿ ಜೀನ್' ಅವಳಿಗೆ ಅಷ್ಟರಲ್ಲಾಗಲೇ ಬಾಯಿಪಾಠವಾಗಿತ್ತು.