ತೊಟ್ಟಿಮನೆ ಹೋಂಸ್ಟೇ: ಕಂಬಕ್ಕಿಂತ ಕಿಂಡಿ ನೋಡಿ

ಸಕಲೇಶಪುರದ ಹತ್ತಿರ, ಕಾಫಿ ತೋಟದ ನಡುವಿನ ಹಳೇ ಮನೆ. ಅಕ್ಕಿರೊಟ್ಟಿ, ಕಳಲೆ ಪಲ್ಯ ಚೆನ್ನಾಗಿದ್ದವು. ಬಿಸಿನೀರು ಮಾತ್ರ ಕೇಳಿ ಕೇಳಿ ಸಾಕಾಯ್ತು.

ಮನೆ ತೋರಿಸುವಾಗ ಮಾಲೀಕರು ಜಗಲಿ ಕಂಬದ ಕೆತ್ತನೆ ಬಗ್ಗೆಯೇ ಜಾಸ್ತಿ ಹೇಳಿದರು. ಮನೆ ಹೆಂಗಸರ ಮಾತು ಬಂದಾಗ "ಆಗಿನ ಹೆಣ್ಮಕ್ಕಳು ಹೊಂದ್ಕೊಂಡು ಹೋಗ್ತಿದ್ರು ಮೇಡಂ" ಅಂದರು. ಬೇರೆ ದಾರಿ ಇತ್ತಾ? 8 ತುಂಬದ ಹುಡುಗಿಗೆ ಮದುವೆ ಮಾಡಬಾರದು ಅಂತ ಮೈಸೂರು ಸಂಸ್ಥಾನ ಕಾನೂನು ತಂದದ್ದೇ 1894ರಲ್ಲಿ. 50 ದಾಟಿದವನು 14ರೊಳಗಿನವಳನ್ನು ಕಟ್ಟಿಕೊಳ್ಳಬಾರದು ಅಂತಲೂ ಅದರಲ್ಲಿತ್ತು. ಅಂದರೆ ಅದೂ ನಡೀತಿತ್ತು ಅಂತ ತಾನೇ!

ಆಮೇಲೆ ಅವರ ತಾಯಿ ನನ್ನನ್ನು ಒಳಗೆ ಕರೆದರು. ಅಡುಗೆಮನೆ ಪಕ್ಕ ಕತ್ತಲೆ ಕೋಣೆ, ಗೋಡೆಯಲ್ಲಿ ಗೇಣಗಲದ ಕಿಂಡಿ. ಕೂತು ಇಣುಕಿದರೆ ಜಗಲಿ ಕಾಣುತ್ತೆ, ಜಗಲಿಯವರಿಗೆ ನಾವು ಕಾಣಲ್ಲ. ಅಲ್ಲೇ ಬೀಸುಕಲ್ಲು. ಅದರ ಗೂಟ ಕೈ ಸವರಿ ಸವರಿ ನುಣುಪಾಗಿದೆ. "ಗಂಡನ ಮುಂದೆ ಬಾಯಿ ಬಿಡಂಗಿರ್ಲಿಲ್ಲ, ಕಲ್ಲಿನ ಮುಂದೆ ಎಲ್ಲಾ ಹೇಳ್ಕಳೋರು ಕಣವ್ವ" ಅಂತ ಅಜ್ಜಿ ಬೀಸೋ ಪದ ಹಾಡಿದರು. ತವರಿನ ಹಂಬಲ, ಅತ್ತೆ ಕಾಟ, ಎಲ್ಲ ಅದರಲ್ಲೇ.

ಮಾಲೀಕರೇ, ಮನೆ ತೋರಿಸೋದನ್ನ ಅಜ್ಜಿಗೇ ಬಿಡಿ, ಗೀಸರ್ ನೀವು ನೋಡ್ಕೊಳ್ಳಿ. ಮಳೆಗಾಲದಲ್ಲಿ ಹೋಗೋರು ಜಿಗಣೆಗೆ ಉಪ್ಪು ಇಟ್ಕೊಂಡಿರಿ.